ಕಾಪಿ ಓದುವವಳು

ಶಹಾಪುರದ ಗಲ್ಲಿಯೊಂದರ ತುದಿಗೆ ತಗಡಿನ ಮಾಡಿನ ಪ್ರೆಸ್ಸು.
ಎಡಗೋಡೆಗೆ ಮರಾಠಿ ಮೊಳೆಗಳ ಕೇಸು, ಬಲಗೋಡೆಗೆ ಕನ್ನಡದವು.
ಸೀಮೆಎಣ್ಣೆಯ ನಾತ ಮಾತ್ರ ಎರಡಕ್ಕೂ ಒಂದೇ.
ಅಲ್ಲಿ ನನ್ನ ಕೆಲಸ ಓದುವುದು.
ದಿನಕ್ಕೆ ಹನ್ನೊಂದು ರೂಪಾಯಿ, ಎರಡು ಹೊತ್ತು ಚಹಾ.

ಕೈಬರಹದ ಪ್ರತಿ ನನ್ನ ತೊಡೆಯ ಮೇಲೆ,
ಹಸಿ ಪ್ರೂಫು ಹುದಲಿ ಮಾಸ್ತರರ ಮುಂದೆ.
ನಾನು ಗಟ್ಟಿಯಾಗಿ, ಅವರು ಮನಸ್ಸಿನಲ್ಲಿ.
ನನ್ನ ಬಾಯಿ ಅವರ ಕಣ್ಣು
ಒಂದೇ ಸಾಲಿನಲ್ಲಿ ಸಾಗಬೇಕು,
ಬೇರೆ ಬೇರೆ ಸಂತೆಯಲ್ಲಿ ಕೊಂಡ ಎತ್ತುಗಳನ್ನು
ಒಂದೇ ನೊಗಕ್ಕೆ ಹೂಡಿದ ಹಾಗೆ.

"ಬರೇ ಮಾತು ಓದಿದ್ರ ಆಗೂದಿಲ್ಲವಾ,
ಚುಕ್ಕಿ ಸೈತ ಓದಬೇಕು."
ಹೀಗಾಗಿ ನನ್ನ ಬಾಯಿಂದ ಬಂದ ಮೊದಲ ಪ್ರೇಮದ ಮಾತು ಇದು:
ಉದ್ಧರಣ ಸುರು ನೀನು ಬರುತ್ತೀ ಅಂತ ಗೊತ್ತಿತ್ತು ಅಲ್ಪವಿರಾಮ
ಆದರೆ ಇಷ್ಟು ತಡವಾಗಿ ಪ್ರಶ್ನಾರ್ಥಕ
ಉದ್ಧರಣ ಮುಗೀತು ಹೊಸ ಪ್ಯಾರಾ.

ಕಂಪೋಸಿಂಗಿನ ಮಕ್ತುಮಸಾಬ
ತಲೆಕೆಳಗಾದ ಅಕ್ಷರಗಳನ್ನು ದಿನವಿಡೀ ಹೆಕ್ಕಿದವನು,
ಆದರೂ ಕತೆ ಅವನಿಗೆ ಗೊತ್ತಿರುತ್ತಿರಲಿಲ್ಲ.
ನಾನು ಓದಿದಾಗ ಕೈಯ ಸ್ಟಿಕ್ಕು ಅಲ್ಲೇ ನಿಲ್ಲುತ್ತಿತ್ತು:
"ಅಯ್ಯ, ಆಕಿ ಸತ್ತಳೇನು?
ಮುಂಜಾನೆ ನಾನ ಜೋಡಿಸೇನಲ್ಲ ಅದನ್ನ!"

ರಾತ್ರಿ ಮನೆಯಲ್ಲಿ ಬಾಯಿ ಮುಚ್ಚಿ ಓದಿ ನೋಡಿದೆ.
ಅರ್ಧ ತಾಸಿಗೆ ನಲವತ್ತು ಪುಟ.
ಮಳೆ ಬಂದದ್ದು, ಹುಡುಗ ಮೆಟ್ಟಿಲ ಮೇಲೆ ಜಾರಿದ್ದು,
ಯಾವುದಕ್ಕೂ ಸದ್ದಿರಲಿಲ್ಲ,
ಗಾಜಿನ ಆಚೆಯ ಜಗಳ ನೋಡಿದಂತೆ.
ಮಾಸ್ತರರಿಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡರು.
"ಕಣ್ಣು ಭಾಳ ಶಾಣ್ಯಾ ಅದ.
ತಪ್ಪಿದ್ದದ್ದನ್ನ ತಾನ ತಿದ್ದಿಕೊಂಡು ಮುಂದ ಓಡ್ತದ.
ಕಿವಿ ದಡ್ಡ, ಕಲ್ಲಿದ್ದಲ್ಲೆಲ್ಲಾ ಎಡವ್ತದ.
ಪ್ರೂಫಿಗೆ ದಡ್ಡರು ಬೇಕು."

ನೂರಾ ಹನ್ನೆರಡನೇ ಪುಟ.
ಲೇಖಕರು ಅಲ್ಲಿ ಒಂದೇ ಉಸಿರಿಗೆ ಬರೆದಿದ್ದರು,
ಏಳು ಸಾಲು, ಒಂದೂ ಚುಕ್ಕಿಯಿಲ್ಲ:
ಅವ್ವ ಕೊಡ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡು
ಇನ್ನೊಂದು ಸಲ ಬಾಗಿಲ ಕಡೆ ನೋಡಿ

ಇಲ್ಲಿ ನನ್ನ ದನಿ ಸಿಕ್ಕಿಕೊಂಡಿತು.
ನಮ್ಮವ್ವ ಹೋಗಿ ಆಗ ಎಂಟು ತಿಂಗಳು.
ಮಾಸ್ತರರ ಕೆಂಪು ಪೆನ್ನು ಗಾಳಿಯಲ್ಲಿ ಕಾಯುತ್ತಿತ್ತು.
ನಾಚಿಕೆ ಮುಚ್ಚಲು ಏನಾದರೂ ಅನ್ನಬೇಕಿತ್ತು. ಅಂದೆ:
ಅಲ್ಪವಿರಾಮ.

"ಅಲ್ಲಿ ಅದ ಏನು?"
"ಅದ ರೀ."
ಪೆನ್ನು ಇಳಿಯಿತು.
ಮಕ್ತುಮಸಾಬ ಸಾಲು ಸಡಿಲಿಸಿ, ಚಿಮಟಿಗೆಯಲ್ಲಿ ಹಿಡಿದು ತೂರಿಸಿದ,
ಅಕ್ಕಿಕಾಳಿನಷ್ಟು ದಪ್ಪದ ಸೀಸ.
ನಾನು ಮುಂದಕ್ಕೆ ಓದಿದೆ.

ಪ್ರೆಸ್ಸು ಈಗ ಮೊಬೈಲ್ ಕವರುಗಳ ಅಂಗಡಿ.
ಮೊಳೆಗಳನ್ನು ತೂಕಕ್ಕೆ ಹಾಕಿದರು,
ಮರಾಠಿ ಕನ್ನಡ ಬೇರೆ ಮಾಡದೆ.
ಮಾಸ್ತರರು ಇಲ್ಲ. ಕೇಳಬೇಕೆಂದು ಕೇಳದೇ ಉಳಿದೆ,
ಆ ದಿನ ಅವರಿಗೆ ತಿಳಿದಿತ್ತೋ ಇಲ್ಲವೋ.

ಟಿಳಕವಾಡಿಯ ವಾಚನಾಲಯದಲ್ಲಿ ಪುಸ್ತಕ ಸಿಕ್ಕಿತು,
ಬೆನ್ನಿಗೆ ಖಾಕಿ ಕಾಗದ.
ಕೊನೆಯ ಚೀಟಿಯಲ್ಲಿ ಹದಿಮೂರು ತಾರೀಖು.
ಹದಿಮೂರು ಮಂದಿ, ತಮ್ಮ ತಮ್ಮ ಮನೆಯಲ್ಲಿ,
ದೀಪದ ಕೆಳಗೋ, ಬಸ್ಸಿನ ಕಿಟಕಿಗೋ,
ತುಟಿ ಮುಚ್ಚಿ ಓದುತ್ತ ನೂರಾ ಹನ್ನೆರಡಕ್ಕೆ ಬಂದು
ಬಾಗಿಲ ಹತ್ತಿರ ಒಂದು ಚಣ ನಿಂತಿರಬೇಕು.
ಯಾರದೋ ಗಂಟಲು ಕಟ್ಟಿದ್ದಕ್ಕೆ ನಿಂತೆವೆಂದು ಅವರಿಗೇನು ಗೊತ್ತು?
ಲೇಖಕರು ಎರಡನೇ ಮುದ್ರಣದಲ್ಲಿ ತೆಗೆಸುತ್ತಿದ್ದರೋ ಏನೋ.
ಎರಡನೇ ಮುದ್ರಣ ಆಗಲಿಲ್ಲ.

'ಶಾಂತತೆ ಕಾಪಾಡಿರಿ' ಬೋರ್ಡಿನ ಕೆಳಗೆ ಕೂತು
ನಾನೂ ಸುಮ್ಮನೇ ಓದಿದೆ, ಕಣ್ಣಿನಲ್ಲಿ, ಶಾಣ್ಯಾರ ಹಾಗೆ.
ಕೊಡ, ಸೆರಗು, ಬಾಗಿಲು.
ಬಾಯಿ ತಾನಾಗಿ ಅಂದುಬಿಟ್ಟಿತು.

ಎದುರಿಗೆ ಪರೀಕ್ಷೆಗೆ ಓದುತ್ತಿದ್ದ ಹುಡುಗ
ಕಿವಿಯಿಂದ ವೈರು ತೆಗೆದು ಕೇಳಿದ:
"ಏನಂದ್ರೀ, ಅಕ್ಕಾರ?"